ಲಾ ಮೇಷ್ಟ್ರ ನೆನಪಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಟಪಾಲಿನಲ್ಲಿ ಬಂದ ಹೆಚ್ಚಿನ ಪತ್ರಗಳು ಒಂದೇ ವಿಷಯದ ಸುತ್ತ ಇದ್ದವು: ತೀರಿಕೊಂಡ ಕಾನೂನು ಪ್ರಾಧ್ಯಾಪಕರನ್ನು ನೆನೆಯುವುದು ಹೇಗೆ? ಕೆಲವನ್ನು ಶಿಷ್ಯರು ಬರೆದಿದ್ದಾರೆ, ಕೆಲವನ್ನು ಮನೆಯವರು. ಕಾಯ್ದೆಯ ಪ್ರಶ್ನೆಗಳಿಗೆ ನಮ್ಮ ವಕೀಲ ಬಳಗ, ಪುಸ್ತಕ ಮತ್ತು ಕ್ಯಾಸೆಟ್ಟಿನ ಪ್ರಶ್ನೆಗಳಿಗೆ ಗ್ರಂಥಪಾಲಕರು, ಉಳಿದವಕ್ಕೆ ಸಂಪಾದಕೀಯ ವಿಭಾಗದವರು ಉತ್ತರ ಕೊಟ್ಟಿದ್ದಾರೆ.

ಪ್ರಶ್ನೆ: ನಮಗೆ ಕ್ರಿಮಿನಲ್ ಲಾ ಕಲಿಸಿದ ಸರ್ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳು ಸೇರಿ ಆರು ಲಕ್ಷ ರೂಪಾಯಿ ಕೂಡಿಸಿದ್ದೇವೆ. ಪ್ರತಿವರ್ಷ ಅವರ ಹೆಸರಲ್ಲಿ 10 ಗ್ರಾಂ ಚಿನ್ನದ ಪದಕ ಕೊಡಿಸುವ ಆಸೆ. ದುಡ್ಡು ಸದ್ಯ ಗೆಳೆಯನೊಬ್ಬನ ಖಾತೆಯಲ್ಲಿದೆ. ಅಮೆರಿಕದಲ್ಲಿರುವ ಕೆಲವರೂ ಕಳಿಸಲು ಕಾಯುತ್ತಿದ್ದಾರೆ. ಮುಂದೇನು ಮಾಡಬೇಕು? (ಧಾರವಾಡ)

ಉತ್ತರ: ಮೊದಲು ಪದಕದ ಲೆಕ್ಕ ನೋಡೋಣ. ಆರು ಲಕ್ಷವನ್ನು ಶೇ 6.5ರ ಬಡ್ಡಿಗೆ ಠೇವಣಿ ಇಟ್ಟರೆ ವರ್ಷಕ್ಕೆ ₹39,000 ಬರುತ್ತದೆ. 10 ಗ್ರಾಂ ಚಿನ್ನದ ಬೆಲೆ 2025ರಲ್ಲೇ ಒಂದು ಲಕ್ಷ ದಾಟಿತು. ಅಂದರೆ ಇಡೀ ಬಡ್ಡಿ ಸುರಿದರೂ ನಾಲ್ಕು ಗ್ರಾಂ ಬರುವುದಿಲ್ಲ. ಹಳೆಯ ದತ್ತಿ ಪದಕಗಳು ಎಷ್ಟೋ ಕಡೆ ಚಿನ್ನದ ನೀರು ಕುಡಿದ ಬೆಳ್ಳಿಯಾಗಿರುವುದಕ್ಕೆ ಕಾರಣ ಇದೇ. ಹಾಗಾಗಿ ದತ್ತಿ ಪತ್ರದಲ್ಲಿ ಗ್ರಾಂ ಲೆಕ್ಕ ಬರೆಸಲೇಬೇಡಿ. ‘ಆಯಾ ವರ್ಷದ ಬಡ್ಡಿಯ ಹತ್ತನೇ ಒಂದು ಪಾಲು ಅಸಲಿಗೆ ಸೇರಬೇಕು, ಉಳಿದದ್ದು ನಗದು ಬಹುಮಾನ’ ಎಂದು ಬರೆಸಿ. ₹3,900 ಅಸಲಿಗೆ ಹೋದರೂ ವಿದ್ಯಾರ್ಥಿಯ ಕೈಗೆ ₹35,100 ಸಿಗುತ್ತದೆ. ಹೊಸದಾಗಿ ವಕೀಲಿಕೆಗೆ ಇಳಿದವರಿಗೆ ಅದು ಪದಕಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹೆಚ್ಚಿನವರು ಎಡವುವುದು ಅರ್ಹತೆಯ ಸಾಲಿನಲ್ಲಿ. ‘ಭಾರತೀಯ ದಂಡ ಸಂಹಿತೆ ಪತ್ರಿಕೆಯಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ’ ಎಂದು ಬರೆಸಿದ್ದ ದತ್ತಿಯ ಗತಿ ಏನಾಗುತ್ತದೆ ಯೋಚಿಸಿ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಪಠ್ಯಕ್ರಮದಲ್ಲಿ ಪತ್ರಿಕೆಯ ಹೆಸರು ಬದಲಾದ ಕೂಡಲೇ ಗುಮಾಸ್ತರು ‘ಇಂಥ ಪತ್ರಿಕೆ ಇಲ್ಲ’ ಎಂದು ಕಡತ ಮುಚ್ಚುತ್ತಾರೆ. ಆದ್ದರಿಂದ ‘ಅಪರಾಧ ಕಾನೂನಿನ ಪತ್ರಿಕೆ, ಅದರ ಹೆಸರು ಏನೇ ಆಗಲಿ’ ಎಂದು ಬರೆಸಿ. ಇಬ್ಬರಿಗೆ ಸಮ ಅಂಕ ಬಂದರೆ ಹಂಚಬೇಕೋ, ಹಿಂದಿನ ಸೆಮಿಸ್ಟರಿನ ಅಂಕ ನೋಡಬೇಕೋ, ಯಾರೂ ಅರ್ಹರಿಲ್ಲದ ವರ್ಷ ಬಡ್ಡಿ ಎಲ್ಲಿಗೆ ಹೋಗಬೇಕು, ಮುಂದೆ ಷರತ್ತು ಬದಲಿಸುವ ಅಧಿಕಾರ ಯಾರದು, ಇವೆಲ್ಲ ಆ ಪತ್ರದಲ್ಲೇ ಇರಲಿ. ದತ್ತಿಯ ಕನಿಷ್ಠ ಮೊತ್ತ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ರೀತಿ ಇರುತ್ತದೆ. ಕುಲಸಚಿವರ ಕಚೇರಿಯಿಂದ ನಿಯಮಾವಳಿಯನ್ನು ಬರಹದಲ್ಲಿ ತರಿಸಿಕೊಂಡ ಮೇಲೆಯೇ ಮಾತುಕತೆಗೆ ಕೂರಿ.

ಇನ್ನು ಗೆಳೆಯನ ಖಾತೆ. ಆತ ಎಷ್ಟೇ ಪ್ರಾಮಾಣಿಕನಾಗಿರಲಿ, ಅಲ್ಲಿನ ಬಡ್ಡಿ ತೆರಿಗೆ ಇಲಾಖೆಯ ಕಣ್ಣಿಗೆ ಆತನ ಆದಾಯ. ನಾಳೆ ಆತನಿಗೇನಾದರೂ ಆದರೆ ಅವನ ವಾರಸುದಾರರ ಮನೆ ಬಾಗಿಲಿಗೆ ನೀವು ಅಲೆಯಬೇಕು. ದಾರಿ ಮೂರಿವೆ: ನೇರವಾಗಿ ಕಾಲೇಜಿಗೋ ವಿಶ್ವವಿದ್ಯಾಲಯಕ್ಕೋ ದತ್ತಿ ಕೊಡುವುದು, ಉಪನೋಂದಣಿ ಕಚೇರಿಯಲ್ಲಿ ಟ್ರಸ್ಟ್ ಡೀಡ್ ನೋಂದಾಯಿಸುವುದು, ಇಲ್ಲವೇ ಕನಿಷ್ಠ ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟುವುದು. ಆರು ಲಕ್ಷಕ್ಕೆ ಟ್ರಸ್ಟೂ ಬೇಡ, ಸಂಘವೂ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಪ್ಯಾನ್, ಲೆಕ್ಕಪತ್ರ, ರಿಟರ್ನ್, ಲೆಕ್ಕಿಗರ ಶುಲ್ಕ ಎಂದು ವರ್ಷವರ್ಷ ಬಡ್ಡಿ ಕರಗುತ್ತದೆ. ಮೊದಲ ಹುರುಪು ಇಳಿದ ಮೇಲೆ ಸಂಘದ ವಾರ್ಷಿಕ ಪಟ್ಟಿ ಸಲ್ಲಿಸಲು ಯಾರೂ ಇರುವುದಿಲ್ಲ. ನೇರ ದತ್ತಿಯೇ ಸರಿ.

ಅಮೆರಿಕದ ಗೆಳೆಯರನ್ನು ಎರಡು ಗುಂಪು ಮಾಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು, ಕೈಯಲ್ಲಿ ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ಅವರ ದೇಣಿಗೆ ಪಡೆಯುವ ಸಂಸ್ಥೆಗೆ ವಿದೇಶಿ ವಂತಿಗೆ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ಮೊದಲು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೋಂದಣಿಗೆ ಸಾಮಾನ್ಯವಾಗಿ ಸಂಸ್ಥೆ ಮೂರು ವರ್ಷ ಹಳೆಯದಾಗಿರಬೇಕು, ಆದ್ದರಿಂದ ಇವತ್ತು ಟ್ರಸ್ಟ್ ಮಾಡಿ ನಾಳೆ ಡಾಲರ್ ಪಡೆಯುವ ದಾರಿ ಇಲ್ಲ. ‘ನನ್ನ ತಮ್ಮನ ಖಾತೆಗೆ ಹಾಕ್ತೀನಿ, ಅವನು ನಿಮಗೆ ಕೊಡ್ತಾನೆ’ ಎನ್ನುವ ಅಡ್ಡದಾರಿ ಬೇಡವೇ ಬೇಡ. ಕ್ರಿಮಿನಲ್ ಲಾ ಮೇಷ್ಟ್ರ ಹೆಸರಿನ ದತ್ತಿಗೆ ಆ ಕೇಸು ಶೋಭೆಯಲ್ಲ. ಶಾಸನಬದ್ಧ ವಿಶ್ವವಿದ್ಯಾಲಯಗಳಲ್ಲಿ ಕೆಲವಕ್ಕೆ ಈ ಕಾಯ್ದೆಯಿಂದ ವಿನಾಯಿತಿ ಇರುತ್ತದೆ, ಅದನ್ನು ಹಣಕಾಸು ಅಧಿಕಾರಿಯ ಬಳಿ ಕೇಳಿ.

ತೆರಿಗೆ ರಿಯಾಯಿತಿಯ ಆಸೆ ತೋರಿಸಿ ದೇಣಿಗೆ ಕೇಳುವವರಿಗೆ ಒಂದು ಮಾತು: ₹2,000 ದಾಟಿದ ನಗದು ದೇಣಿಗೆಗೆ ಆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಹೇಗೆ ಕೊಟ್ಟರೂ ಇಲ್ಲ.

ಪ್ರಶ್ನೆ: ಪದಕ, ದತ್ತಿ ಉಪನ್ಯಾಸ ಬಿಟ್ಟು ಬೇರೆ ದಾರಿ ಇದೆಯೇ? (ಮೈಸೂರು)

ಉತ್ತರ: ಇದೆ. ಎನ್.ಆರ್. ಮಾಧವ ಮೆನನ್ ಅವರನ್ನೇ ನೋಡಿ. ಕೇರಳದವರು, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಸ್ಥಾಪಕ ನಿರ್ದೇಶಕರು. ನಮ್ಮ ರಾಜ್ಯದ 1986ರ ಕಾಯ್ದೆಯಿಂದ ಹುಟ್ಟಿದ ಆ ಸಂಸ್ಥೆಗೆ ಮೊದಲ ವಿದ್ಯಾರ್ಥಿಗಳು ಸೇರಿದ್ದು 1988ರಲ್ಲಿ. ಮುಂದೆ ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯ, ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿ ಕಟ್ಟುವುದರಲ್ಲೂ ಅವರ ಕೈಯಿತ್ತು. 2019ರ ಮೇ 8ರಂದು ತೀರಿಕೊಂಡರು, 2020ರಲ್ಲಿ ಮರಣೋತ್ತರ ಪದ್ಮಭೂಷಣ ಬಂತು. ಇದೆಲ್ಲ ಫಲಕದ ಮೇಲೆ ಕೆತ್ತುವ ವಿವರ. ಪಾಠದ ವಿಷಯದಲ್ಲಿ ಅವರು ದೆಹಲಿ ವಿಶ್ವವಿದ್ಯಾಲಯದ ದಿನಗಳಿಂದಲೂ ಹಟ ಹಿಡಿದದ್ದು ಬೇರೊಂದಕ್ಕೆ: ವಿದ್ಯಾರ್ಥಿ ಓದುವಾಗಲೇ ಕಕ್ಷಿದಾರನ ಮುಖ ನೋಡಬೇಕು, ಅದಕ್ಕೆ ಕಾನೂನು ನೆರವಿನ ಕ್ಲಿನಿಕ್ ಬೇಕು.

ನಿಮ್ಮ ಮೇಷ್ಟ್ರು ವಿದ್ಯಾರ್ಥಿಗಳನ್ನು ಹಳ್ಳಿಗೆ, ಜೈಲಿಗೆ, ಪೊಲೀಸ್ ಠಾಣೆಗೆ ಕರೆದುಕೊಂಡು ಹೋಗುತ್ತಿದ್ದವರಾದರೆ ಕಾಲೇಜಿನ ಕ್ಲಿನಿಕ್ಕಿಗೇ ಅವರ ಹೆಸರಿಡಿ. ವಕೀಲರ ಫೀಸಿಗೆ ದುಡ್ಡು ಬೇಕಿಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡಬೇಕು. ಆದರೆ ನೆರವು ಬೇಕಾದ ಹೆಂಗಸಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ಎಲ್ಲಿದೆ ಎಂದು ತೋರಿಸುವವರಿಲ್ಲ. ಕೊರತೆ ಇರುವುದು ಬಸ್ ಚಾರ್ಜಿಗೆ, ಜೆರಾಕ್ಸಿಗೆ, ಅಫಿಡವಿಟ್ಟಿಗೆ. ಮೇಲಿನ ಲೆಕ್ಕದ ₹39,000ವನ್ನೇ ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ₹3,250. ಆರೇಳು ವಿದ್ಯಾರ್ಥಿಗಳು ತಿಂಗಳಿಗೆ ಎರಡು ಸಲ ಹತ್ತಿರದ ಹೋಬಳಿಗೆ ಹೋಗಿಬರಲು ಸಾಕು. ಜೊತೆಗೆ ಒಬ್ಬ ಅಧ್ಯಾಪಕರೋ ವಕೀಲರೋ ಇರಲೇಬೇಕು. ಸನ್ನದು ಇಲ್ಲದ ವಿದ್ಯಾರ್ಥಿ ಅರ್ಜಿ ತುಂಬಲು ನೆರವಾಗಬಹುದು, ಕಕ್ಷಿದಾರರ ಪರವಾಗಿ ಕೋರ್ಟಿನಲ್ಲಿ ನಿಲ್ಲುವಂತಿಲ್ಲ. ಬಂದವರ ವಿವರಕ್ಕೆ ಒಂದು ವಹಿ ಇಡಿ, ಬಂದವರ ಫೋಟೋ ಮಾತ್ರ ತೆಗೆಯಬೇಡಿ. ಕಾರ್ಯಕ್ರಮಕ್ಕೆ ದಿನ ಬೇಕೆಂದರೆ ನವೆಂಬರ್ 9 ಇದೆ, ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರಲ್ಲಿ ಜಾರಿಗೆ ಬಂದ ದಿನ.

ಪ್ರಶ್ನೆ: ಅಪ್ಪನ ಸಂಗ್ರಹದಲ್ಲಿ ಸುಮಾರು 1,400 ಕಾನೂನು ಪುಸ್ತಕಗಳಿವೆ, ಅದರಲ್ಲಿ 300 ಬೈಂಡು ಮಾಡಿದ ಲಾ ರಿಪೋರ್ಟುಗಳು. ಕೊಡುತ್ತೇನೆಂದರೂ ಗ್ರಂಥಾಲಯದವರು ಉತ್ಸಾಹ ತೋರಿಸುತ್ತಿಲ್ಲ. ಏಕೆ? (ಹಾಸನ)

ಉತ್ತರ: ಜಾಗ. ಒಂದು ಸಂಪುಟದ ದಪ್ಪ ಐದೂವರೆ ಸೆಂಟಿಮೀಟರ್ ಎಂದಿಟ್ಟುಕೊಂಡರೆ 300 ಸಂಪುಟಕ್ಕೆ ಹದಿನಾರೂವರೆ ಮೀಟರ್ ಅಟ್ಟಣೆ ಬೇಕು. 90 ಸೆಂಟಿಮೀಟರ್ ಅಗಲದ ಆರು ಅರೆಗಳ ರ‍್ಯಾಕು ಮೂರು ತುಂಬುತ್ತವೆ. ಅದೇ ತೀರ್ಪುಗಳು ಈಗ ಕಂಪ್ಯೂಟರಿನಲ್ಲಿವೆ. ಸುಪ್ರೀಂ ಕೋರ್ಟ್ ತನ್ನ ಅಧಿಕೃತ ವರದಿಗಳನ್ನು 2023ರಿಂದ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಕೊಡುತ್ತಿದೆ. ಹಾಗಾಗಿ ಸಾಲು ಮುರಿಯದ ಪೂರ್ಣ ಸೆಟ್ ಇದ್ದರೆ ಹೊಸ ಕಾಲೇಜನ್ನೋ ತಾಲ್ಲೂಕು ವಕೀಲರ ಸಂಘವನ್ನೋ ಕೇಳಿ. ನಡುವೆ ಸಂಪುಟಗಳು ಕಳೆದಿದ್ದರೆ ಆಸೆ ಬಿಡಿ.

ಬೆಲೆ ಇರುವುದು ಉಳಿದ 1,100ರಲ್ಲಿ. ಅಂಚಿನಲ್ಲಿ ಅಪ್ಪ ಬರೆದ ಟಿಪ್ಪಣಿ ಇರುವ ಪ್ರತಿಗಳನ್ನು ಮೊದಲು ಬೇರೆ ತೆಗೆದಿಡಿ, ಅವು ಮುದ್ರಿತ ಪುಸ್ತಕವಲ್ಲ, ಹಸ್ತಪ್ರತಿ. ಎರಡನೆಯದು ಹಳೆಯ ಮೈಸೂರಿನ ಕಾಯ್ದೆಗಳು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅದಕ್ಕೂ ಮುಂಚಿನ ಮುದ್ರಣಗಳು ಸುಲಭಕ್ಕೆ ಸಿಗುವುದಿಲ್ಲ. ಮೂರನೆಯದು ಕನ್ನಡದಲ್ಲಿ ಬಂದ ಕಾನೂನು ಪುಸ್ತಕ, ಆಯೋಗಗಳ ವರದಿ, ಹಳೆಯ ಪ್ರಶ್ನೆಪತ್ರಿಕೆ. ಲೇಖಕ, ಹೆಸರು, ಆವೃತ್ತಿ, ವರ್ಷ, ‘ಟಿಪ್ಪಣಿ ಇದೆ/ಇಲ್ಲ’ ಎಂಬ ಐದು ಅಂಕಣದ ಪಟ್ಟಿ ಮಾಡಿ ಕಳಿಸಿ. ಪಟ್ಟಿ ಇಲ್ಲದೆ ‘ಬಂದು ನೋಡಿ’ ಎಂದರೆ ಯಾರೂ ಬರುವುದಿಲ್ಲ. ದಂಡ ಸಂಹಿತೆಯ ಪುಸ್ತಕಗಳನ್ನು ರದ್ದಿಗೆ ಹಾಕುವ ಅವಸರ ಬೇಡ; 2024ರ ಜುಲೈಗೆ ಮೊದಲು ನಡೆದ ಅಪರಾಧಗಳಿಗೆ ಇನ್ನೂ ಅದೇ ಅನ್ವಯ.

ಹುಳ ಹಿಡಿದ ಒಂದೇ ಪುಸ್ತಕ ಹೊಸ ಅಟ್ಟಣೆಯನ್ನೆಲ್ಲ ಹಾಳುಮಾಡುತ್ತದೆ. ಅಂಥದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ತೆಗೆದು, ಬಿಗಿಯಾಗಿ ಮುಚ್ಚಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ. ತಣ್ಣಗಿನ ಕಾಗದದ ಮೇಲೆ ಹೊರಗಿನ ತೇವ ಕೂತು ಹಾಳೆ ಅಂಟುತ್ತವೆ. ನುಸಿಗುಳಿಗೆ ವಾಸನೆ ಹಬ್ಬಿಸುತ್ತದೆ, ಒಳಗಿನ ಹುಳವನ್ನು ಸಾಯಿಸುವ ಭರವಸೆ ಇಲ್ಲ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕಂದು ಕಲೆಯಾಗಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಶನ್ನೂ ಬೇಡ.

ದಾನಪತ್ರದಲ್ಲಿ ‘ಎಲ್ಲವನ್ನೂ ಶಾಶ್ವತವಾಗಿ ಒಂದೇ ಕಡೆ ಇಡಬೇಕು’ ಎಂಬ ಷರತ್ತು ಹಾಕಿದರೆ ಮತ್ತೆ ‘ಬೇಡ’ ಅನ್ನುತ್ತಾರೆ. ಪ್ರತಿ ಪುಸ್ತಕದ ಒಳರಟ್ಟಿಗೆ ಅಪ್ಪನ ಹೆಸರಿನ ಚೀಟಿ ಅಂಟಿಸಲು ಕೇಳಿ, ಅದಕ್ಕೆ ಒಪ್ಪುತ್ತಾರೆ. ಪತ್ರಕ್ಕೆ ನಿಮ್ಮೊಬ್ಬರ ಸಹಿ ಸಾಲದು. ವಿಲ್ ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿಮ್ಮ ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಅಪ್ಪನ ತಾಯಿ ಬದುಕಿದ್ದರೆ ಅವರೂ ಸಮಪಾಲಿನ ಹಕ್ಕುದಾರರು.

ಪ್ರಶ್ನೆ: ಮೇಷ್ಟ್ರ ಪಾಠವನ್ನು ಅಕ್ಷರಶಃ ಬರೆದುಕೊಂಡ ನನ್ನ ನಾಲ್ಕು ನೋಟ್‌ಬುಕ್, ಏಳು ಕ್ಯಾಸೆಟ್ ಇವೆ. ಪುಸ್ತಕ ಮಾಡಬಹುದೇ? (ಕಲಬುರಗಿ)

ಉತ್ತರ: ನೋಟ್‌ಬುಕ್ ನಿಮ್ಮದು, ಅದರೊಳಗಿನ ಮಾತು ಮೇಷ್ಟ್ರದು. ಕೃತಿಸ್ವಾಮ್ಯ ಈಗ ಅವರ ವಾರಸುದಾರರಿಗೆ ಸೇರಿದೆ. ಬದುಕಿದ್ದಾಗ ಪ್ರಕಟವಾದ ಬರಹಕ್ಕೆ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಮರಣಾನಂತರ ಮೊದಲ ಸಲ ಅಚ್ಚಾದ ಬರಹಕ್ಕೆ ಪ್ರಕಟಣೆಯ ಮರುವರ್ಷದಿಂದ 60. ಅವರೇ ಬರೆದ ಅಪ್ರಕಟಿತ ಹಸ್ತಪ್ರತಿಯನ್ನು ವಿಲ್‌ನಲ್ಲಿ ಯಾರಿಗಾದರೂ ಕೊಟ್ಟಿದ್ದರೆ, ಬೇರೆ ಮಾತು ಅಲ್ಲಿ ಇಲ್ಲದಿದ್ದಲ್ಲಿ, ಅದರ ಕೃತಿಸ್ವಾಮ್ಯವೂ ಅವರಿಗೇ ಹೋಗುತ್ತದೆ. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ, ಅವಧಿ ಮತ್ತು ಪ್ರದೇಶ ನಮೂದಿಸಿ. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದೇ ವರ್ಷ ಎಂದು ಓದುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ.

ಪಾಠವನ್ನು ‘ಇಂದಿಗೆ ಒಗ್ಗಿಸುವ’ ಆಸೆಗೆ ಬೀಳಬೇಡಿ. ಮೇಷ್ಟ್ರು 302 ಎಂದಲ್ಲಿ 302 ಎಂದೇ ಇರಲಿ, ಅಡಿಟಿಪ್ಪಣಿಯಲ್ಲಿ ‘ಈಗ ನ್ಯಾಯ ಸಂಹಿತೆಯ 103’ ಎನ್ನಿ. 420ಕ್ಕೆ 318, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಎಫ್‌ಐಆರಿನ 154ಕ್ಕೆ, ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173. ಮೂಲದಲ್ಲೇ ತಿದ್ದಿದರೆ ಅವರು ಎಂದೂ ಹೇಳದ ಮಾತನ್ನು ಅವರ ಬಾಯಲ್ಲಿ ತುರುಕಿದಂತೆ.

ಕ್ಯಾಸೆಟ್ಟಿನ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು. ಅದನ್ನು ಪ್ಲೇಯರಿಗೆ ಹಾಕದೆ ನುರಿತವರಿಗೆ ಕೊಡಿ. ಉಳಿದವನ್ನು, ಹೊರಕವಚದ ಕೆಳಗಿನ ಹತ್ತಿಯಂಥ ಒತ್ತುಪಟ್ಟಿ ಬಿದ್ದುಹೋಗಿಲ್ಲ ತಾನೇ ಎಂದು ನೋಡಿ, ಒಂದು ಸಲ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಿದ ಮೇಲೆ ಧ್ವನಿಮುದ್ರಿಸಿ. 48 ಕಿಲೋಹರ್ಟ್ಸ್, 24 ಬಿಟ್ಟಿನ ವೇವ್ ಕಡತ ಮಾಡಿದರೆ ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು ಒಂದು ಜಿಬಿ. ಎಂಪಿ3ಯನ್ನು ಹಂಚಲು ಬಳಸಿ, ಮೂಲವಾಗಿ ಇಡಬೇಡಿ.

ಪ್ರಶ್ನೆ: ತಾತ ಕಾಲೇಜಿನಲ್ಲಿ ಹೇಗಿದ್ದರು ಎಂದು ಊರಿಗೆಲ್ಲ ಗೊತ್ತು. ಮನೆಯಲ್ಲಿ ಹೇಗಿದ್ದರು ಎಂಬುದು ಅಜ್ಜಿಗಷ್ಟೇ ಗೊತ್ತು. ಅಜ್ಜಿಗೆ 81 ವರ್ಷ. ಅವರ ಮಾತು ರೆಕಾರ್ಡ್ ಮಾಡುವುದು ಹೇಗೆ? (ಶಿವಮೊಗ್ಗ)

ಉತ್ತರ: ಬೆಳಗಿನ ಕಾಫಿ ಮುಗಿದ ಹೊತ್ತು ಒಳ್ಳೆಯದು. ಒಂದು ಸಲಕ್ಕೆ ನಲವತ್ತು ನಿಮಿಷ ಮೀರಬೇಡಿ. ಫ್ಯಾನ್ ಆರಿಸಿ, ಕುಕ್ಕರ್ ಇಡಬೇಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಅಜ್ಜಿಯ ಬಾಯಿಂದ ಒಂದಡಿ ದೂರದಲ್ಲಿ ಮಡಿಸಿದ ಟವೆಲಿನ ಮೇಲೆ ಇಡಿ. ಬರಿಯ ಮೇಜಿನ ಮೇಲಿಟ್ಟರೆ ಬಳೆ ತಾಗಿದ ಸದ್ದೆಲ್ಲ ಗುಡುಗಿನಂತೆ ಕೇಳುತ್ತದೆ.

‘ತಾತ ಹೇಗಿದ್ದರು?’ ಎಂದು ಕೇಳಿದರೆ ‘ದೇವರಂಥ ಮನುಷ್ಯ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಚಿಕ್ಕಚಿಕ್ಕದನ್ನು ಕೇಳಿ. ಪರೀಕ್ಷೆಯ ಪೇಪರಿನ ಕಟ್ಟು ಮನೆಗೆ ಬಂದಾಗ ಎಲ್ಲಿ ಕೂತು ತಿದ್ದುತ್ತಿದ್ದರು, ಆಗ ಮಕ್ಕಳು ಎಲ್ಲಿರುತ್ತಿದ್ದರು? ಸಂಬಳ ತಂದು ಯಾರ ಕೈಗೆ ಕೊಡುತ್ತಿದ್ದರು? ಸಾರಿಗೆ ಉಪ್ಪು ಜಾಸ್ತಿಯಾದ ದಿನ ಏನಂದರು? ಅಮ್ಮನಿಗೆ ಜ್ವರ ಬಂದ ರಾತ್ರಿ ಯಾರು ಎದ್ದಿದ್ದರು? ಒಬ್ಬ ಗೃಹಸ್ಥ ಎಂಥವನು ಎಂಬುದು ಇಂಥ ಉತ್ತರಗಳಲ್ಲಿ ಸಿಗುತ್ತದೆ. ಅಜ್ಜಿ ಸುಮ್ಮನಾದರೆ ನೀವೂ ಸುಮ್ಮನಿರಿ. ಅವಸರಪಟ್ಟು ಮುಂದಿನ ಪ್ರಶ್ನೆ ಹಾಕಿದರೆ ಬರಬೇಕಿದ್ದ ಮಾತು ಒಳಗೇ ಉಳಿಯುತ್ತದೆ. ಅಳು ಬಂದರೆ ಮೊದಲು ರೆಕಾರ್ಡರ್ ನಿಲ್ಲಿಸಿ.

ಆ ತಲೆಮಾರಿನ ಹೆಂಗಸರು ಹಲವರು ಗಂಡನ ಹೆಸರು ಹೇಳುವುದಿಲ್ಲ. ರೆಕಾರ್ಡಿಂಗಿನ ತುಂಬ ‘ಇವರು’, ‘ನಿಮ್ಮ ತಾತ’ ಎಂದೇ ಇರುತ್ತದೆ; ಮುಂದಿನವರಿಗೆ ಯಾರ ಮಾತೆಂದೇ ತಿಳಿಯದು. ಪ್ರತಿ ಸಲ ಶುರುವಿನಲ್ಲಿ ತಾತನ ಹೆಸರು, ಅಜ್ಜಿಯ ಹೆಸರು, ಊರು, ತಾರೀಖು ನೀವೇ ಹೇಳಿ. ಆಲ್ಬಂ ತೊಡೆಯ ಮೇಲಿಟ್ಟುಕೊಂಡು ಮಾತಾಡಿಸುವುದಾದರೆ ‘ಮೂರನೇ ಪುಟ, ಎಡಗಡೆಯ ಫೋಟೋ’ ಎಂದು ಗಟ್ಟಿಯಾಗಿ ಹೇಳಿ. ಫೋಟೋದ ಹಿಂದೆ ಬರೆಯಲು ಮೆತ್ತಗಿನ ಪೆನ್ಸಿಲ್ ಬಳಸಿ, ಬಾಲ್ ಪೆನ್ನಿನ ಗೀರು ಮುಂದೆ ಮೂಡುತ್ತದೆ. ದೊಡ್ಡಪ್ಪ, ಅತ್ತೆಯರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿ. ಒಂದೇ ಘಟನೆಯನ್ನು ಎರಡು ರೀತಿ ಹೇಳಿದರೆ ಎರಡೂ ಇರಲಿ.

ಪ್ರಶ್ನೆ: ನಾನು ಸಂಸ್ಮರಣ ಗ್ರಂಥದ ಸಂಪಾದಕ. ಬಂದ 40 ಲೇಖನಗಳಲ್ಲೂ ‘ಸರಳ ಸಜ್ಜನ, ಶಿಷ್ಯವತ್ಸಲ, ಕುಟುಂಬವತ್ಸಲ’ ಎಂದೇ ಇದೆ. ಏನು ಮಾಡಲಿ? (ಬೆಂಗಳೂರು)

ಉತ್ತರ: ನಿಷ್ಠುರವಾಗಿ ವಾಪಸು ಕಳಿಸಿ. ಜೊತೆಗೆ ಒಂದೇ ಪ್ರಶ್ನೆ ಹಾಕಿ: ಅವರು ಆಡಿದ ಯಾವ ಮಾತು, ಮಾಡಿದ ಯಾವ ಕೆಲಸ ನೋಡಿ ಹೀಗನ್ನಿಸಿತು? ಉತ್ತರ ಬಂದರೆ ಅದೇ ಲೇಖನ. ಲೆಕ್ಕವೂ ನಿಮ್ಮ ಪರವಾಗಿದೆ. ಡೆಮಿ 1/8 ಆಕಾರದ ಪುಟಕ್ಕೆ ಸುಮಾರು 250 ಪದ. ಲೇಖನಕ್ಕೆ 1,500 ಪದದಂತೆ 40 ಲೇಖನ 240 ಪುಟ, ಅಂದರೆ 16 ಪುಟದ 15 ಫಾರಂ. 800 ಪದಕ್ಕೆ ಇಳಿಸಿದರೆ 128 ಪುಟ, ಎಂಟೇ ಫಾರಂ. ಉಳಿದ ಹಣ ಫೋಟೋಗಳಿಗೆ.

ವಿವರ ತಾಳೆ ನೋಡಿ. ‘ಬೆಳಿಗ್ಗೆ ಪಾಠ, ಮಧ್ಯಾಹ್ನ ಕೋರ್ಟು’ ಎಂದು ಯಾರಾದರೂ ಬರೆದರೆ ಅವರು ಅರೆಕಾಲಿಕರಾಗಿದ್ದರೇ ಕೇಳಿ. ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಹೇಳಬಹುದು, ಪೂರ್ಣಾವಧಿ ಸಂಬಳದ ಅಧ್ಯಾಪಕರು ವಕೀಲಿಕೆ ನಡೆಸುವಂತಿಲ್ಲ. ಹೊಗಳುವ ಭರದಲ್ಲಿ ಮೇಷ್ಟ್ರ ಮೇಲೆ ನಿಯಮಭಂಗ ಹೊರಿಸಿದಂತಾಗಬಾರದು. ವಕೀಲರಾಗಿದ್ದರೆ ಕಕ್ಷಿದಾರರು ಹೇಳಿಕೊಂಡ ಗುಟ್ಟು ಲೇಖನದಲ್ಲಿ ಬರಕೂಡದು, ಆ ಗೋಪ್ಯತೆ ಕೇಸು ಮುಗಿದ ಮೇಲೂ ಉಳಿಯುತ್ತದೆ. ಮನೆಯ ವಿಷಯ ಇರುವ ಪುಟಗಳನ್ನು ಅಚ್ಚಿಗೆ ಮೊದಲು ಮನೆಯವರಿಗೆ ತೋರಿಸಿ.

‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರದಲ್ಲಿ ಬಂದದ್ದನ್ನು ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು, ಒತ್ತಕ್ಷರ ಮೊದಲು ಕೆಡುತ್ತವೆ; ‘ವರ್ಷ’, ‘ಧರ್ಮ’, ‘ಕಾರ್ಯ’ ಹುಡುಕಿ ನೋಡಿ. ವಾಟ್ಸ್ಆ್ಯಪಿನಲ್ಲಿ ಫೋಟೋ ತರಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಅಚ್ಚಿನಲ್ಲಿ ಮುಖ ಮಸುಕಾಗುತ್ತದೆ. ಐಎಸ್‌ಬಿಎನ್ ಬಿಟ್ಟಿ. ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮತ್ತಿತರ ನಿಗದಿತ ಗ್ರಂಥಾಲಯಗಳಿಗೆ ಪ್ರತಿ ಕಳಿಸುವುದು 1954ರ ಕಾಯ್ದೆಯಂತೆ ಪ್ರಕಾಶಕರ ಹೊಣೆ.

ಪ್ರಶ್ನೆ: ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತಿನಲ್ಲಿ ಏನು ಬರೆಯಬೇಕು? ಅವರ ಫೋನು, ಫೇಸ್‌ಬುಕ್ ಖಾತೆ ಏನು ಮಾಡಬೇಕು? (ಉಡುಪಿ)

ಉತ್ತರ: ಶಿಷ್ಯರು ಕರೆಯುತ್ತಿದ್ದ ಹೆಸರು, ಕಲಿಸಿದ ವಿಷಯ, ಕಾಲೇಜು, ಸೇವೆಯ ವರ್ಷಗಳು, ನುಡಿನಮನದ ಜಾಗ ಮತ್ತು ಹೊತ್ತು. ಇಷ್ಟು ಸಾಕು. ಮನೆಯ ವಿಳಾಸ, ಪೂರ್ತಿ ಜನ್ಮದಿನಾಂಕ ಬೇಡ. ಮನೆಯವರೆಲ್ಲ ಆ ಹೊತ್ತಿಗೆ ಸಭಾಂಗಣದಲ್ಲಿರುತ್ತಾರೆ ಎಂದು ಕಳ್ಳನಿಗೂ ತಿಳಿಯುತ್ತದೆ. ಫೇಸ್‌ಬುಕ್ ಖಾತೆಯನ್ನು ಮರಣ ಪ್ರಮಾಣಪತ್ರ ಕೊಟ್ಟು ಸ್ಮರಣೆಯ ಪುಟವಾಗಿ ಬದಲಿಸಬಹುದು. ಜಿಮೇಲಿನ ಪಾಸ್‌ವರ್ಡನ್ನು ಗೂಗಲ್ ಯಾರಿಗೂ ಕೊಡುವುದಿಲ್ಲ, ಖಾತೆ ಮುಚ್ಚಲು ಮನೆಯವರು ಕೋರಬಹುದು. ಸಿಮ್ ಮಾತ್ರ ಕೂಡಲೇ ನಿಲ್ಲಿಸಬೇಡಿ. ಬ್ಯಾಂಕು, ಪಿಂಚಣಿ, ವಿಮೆಯ ಸಂದೇಶಗಳೆಲ್ಲ ಆ ಸಂಖ್ಯೆಗೇ ಬರುತ್ತವೆ. ಅವೆಲ್ಲ ಇತ್ಯರ್ಥವಾಗುವವರೆಗೆ ಚಿಕ್ಕ ರೀಚಾರ್ಜ್ ಹಾಕಿಸುತ್ತಿರಿ. ಆದರೆ ಅದಕ್ಕೆ ಬಂದ ಒಟಿಪಿ ಬಳಸಿ ಅವರ ಖಾತೆಯಿಂದ ಹಣ ತೆಗೆಯುವಂತಿಲ್ಲ. ಮರಣ ಪ್ರಮಾಣಪತ್ರ ಕೊಟ್ಟು ಬ್ಯಾಂಕಿನ ಮೂಲಕವೇ ಪಡೆಯಬೇಕು.